ಹೊಸ ಬಿಡಿಭಾಗಗಳಿಂದಲೇ 1969ರ ಕಮಾರೊ ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

1969ರ ಶೆವರ್ಲೆ ಕಮಾರೊ ಬೇಕು. ಆದರೆ 1969ರಲ್ಲಿ ತಯಾರಾದ ಒಂದು ಬೋಲ್ಟೂ ಅದರಲ್ಲಿ ಇರಬಾರದು. ಕೇಳೋಕೆ ತಮಾಷೆ ಅನ್ನಿಸುತ್ತದೆ, ಅಲ್ವಾ? ಅಮೆರಿಕದಲ್ಲಿ ಇವತ್ತು ಇದು ನಿಜಕ್ಕೂ ಆಗುವ ಕೆಲಸ. ಬಾಡಿ ಶೆಲ್‌ನಿಂದ (ಕಾರಿನ ಖಾಲಿ ತಗಡಿನ ಮೈ) ಹಿಡಿದು ಗ್ಲೋವ್ ಬಾಕ್ಸಿನ ಬೀಗದವರೆಗೆ ಎಲ್ಲವೂ ಹೊಸದಾಗಿ ತಯಾರಾಗಿ ಸಿಗುತ್ತದೆ. ಕ್ಯಾಟಲಾಗ್ ತೆರೆದು, ಆರ್ಡರ್ ಕೊಟ್ಟು, ಮನೆ ಬಾಗಿಲಿಗೆ ತರಿಸಿಕೊಳ್ಳಬಹುದು.

ನಾನು ಮತ್ತು ಒಬ್ಬ ಗೆಳೆಯ ಸೇರಿ ಅವನ ಗ್ಯಾರೇಜಿನಲ್ಲಿ ಇಂಥದ್ದೊಂದನ್ನು ಕಟ್ಟಿದೆವು. ಬರೀ ಶನಿವಾರ-ಭಾನುವಾರದ ಕೆಲಸ. ಎರಡೂವರೆ ವರ್ಷ ಹಿಡಿಯಿತು. ಶುರು ಮಾಡುವಾಗ ನಮ್ಮ ಲೆಕ್ಕ ಸುಲಭ ಇತ್ತು: ಎಲ್ಲ ಹೊಸದು, ತುಕ್ಕಿಲ್ಲ, ಮುರಿದ ಬೋಲ್ಟ್ ಇಲ್ಲ, ಸುಮ್ನೆ ಜೋಡಿಸಿದರೆ ಮುಗೀತು. ಆ ಲೆಕ್ಕ ತಪ್ಪು. ಹೊಸ ಚಪ್ಪಲಿ ಕಾಲು ಕಚ್ಚುತ್ತದಲ್ಲ, ಹೊಸ ಪಾರ್ಟೂ ಹಾಗೇ. ಬಾಗಿಲು ಒಂದು ಕಂಪನಿಯದು, ಫೆಂಡರ್ (ಮುಂದಿನ ಮಡ್‌ಗಾರ್ಡ್) ಇನ್ನೊಂದರದು, ರಬ್ಬರ್ ಬೀಡಿಂಗ್ ಮೂರನೆಯದರದು. ಇವು ಒಂದನ್ನೊಂದು ಹಿಂದೆ ಯಾವತ್ತೂ ನೋಡಿಲ್ಲ. ಜೋಡಿಸುವುದಕ್ಕಿಂತ ಹೊಂದಿಸುವುದಕ್ಕೇ ಜಾಸ್ತಿ ಸಮಯ ಹೋಗುತ್ತದೆ. ಈ ಮಾರ್ಗದರ್ಶಿಯಲ್ಲಿ ನಾನು ಹೇಳುವ ಹೆಚ್ಚಿನ ಮಾತು ಅದರ ಬಗ್ಗೆಯೇ.

ಕಮಾರೊ ಯಾಕೆ?

ಮಸಲ್ ಕಾರ್ ಅಂದರೆ ಮಧ್ಯಮ ಗಾತ್ರದ ಬಾಡಿಯೊಳಗೆ ದೊಡ್ಡ ಇಂಜಿನ್ ತುರುಕಿದ ಕಾರು, 1964ರ ಪಾಂಟಿಯಾಕ್ ಜಿಟಿಒ ತರಹದ್ದು. ಕಮಾರೊ ನಿಜವಾಗಿ 'ಪೋನಿ ಕಾರ್', ಅಂದರೆ ಅದಕ್ಕಿಂತ ಚಿಕ್ಕ ಸ್ಪೋರ್ಟಿ ಕಾರು, ಫೋರ್ಡ್ ಮಸ್ಟಾಂಗ್‌ಗೆ ಉತ್ತರವಾಗಿ 1966ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದದ್ದು. ಶಾಸ್ತ್ರ ನೋಡುವವರು ಈ ವಿಷಯದಲ್ಲಿ ಜಗಳಕ್ಕೇ ನಿಲ್ಲುತ್ತಾರೆ. ಮಿಕ್ಕವರೆಲ್ಲ ಎರಡಕ್ಕೂ ಮಸಲ್ ಕಾರ್ ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

1969ರ ಮಾಡೆಲ್ ಆರಿಸಲು ಕಾರಣ ಬೇರೆ. ಆ ವರ್ಷದ ಕಮಾರೊ 2,43,000ಕ್ಕೂ ಜಾಸ್ತಿ ತಯಾರಾದವು. ಪ್ರೀತಿಸುವವರು ಜಾಸ್ತಿ, ಹಾಗಾಗಿ ಬಿಡಿಭಾಗ ತಯಾರಿಸುವವರೂ ಜಾಸ್ತಿ. ಕ್ಯಾಲಿಫೋರ್ನಿಯಾದ ಡೈನಾಕಾರ್ನ್ ಎಂಬ ಕಂಪನಿ ತೈವಾನ್‌ನಲ್ಲಿ ತಯಾರಿಸಿದ ಪೂರ್ತಿ ಬಾಡಿ ಶೆಲ್‌ಗಳನ್ನು ಮಾರುತ್ತದೆ. ಕಮಾರೊ ಅಷ್ಟೇ ಅಲ್ಲ, 1967ರ ಮಸ್ಟಾಂಗ್ ಫಾಸ್ಟ್‌ಬ್ಯಾಕ್‌ನ ಶೆಲ್ ಕೂಡ ಅವರಲ್ಲಿದೆ. 2011ರಲ್ಲಿ ಮೊದಲ ಪೀಳಿಗೆಯ ಮಸ್ಟಾಂಗ್ ಕನ್ವರ್ಟಿಬಲ್ ಶೆಲ್‌ಗೆ ಫೋರ್ಡ್ ಕಂಪನಿಯೇ ಪರವಾನಗಿ ಕೊಟ್ಟಿತು. ಆಗ ಬೆಲೆ 15,000 ಡಾಲರಿನಿಂದ ಶುರು.

ಹಳೆಯ ಕಾರನ್ನೇ ತಂದು ರಿಪೇರಿ ಮಾಡಬಾರದೇ ಎಂದು ಕೇಳಬಹುದು. ಮಾಡಬಹುದು. ಆದರೆ ಉತ್ತರದ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಐವತ್ತು ವರ್ಷ ಆ ಉಪ್ಪು ತಿಂದ ಕಾರಿನ ನೆಲ, ಡಿಕ್ಕಿ, ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಬಾಗಿಲಿನಿಂದ ಹಿಂದಿನ ಪಕ್ಕದ ತಗಡು) ಎಲ್ಲ ಕತ್ತರಿಸಿ ಹೊಸದು ಬೆಸೆಯಬೇಕು. ಕೊನೆಗೆ ಹಳೆಯದು ಅಂತ ಉಳಿಯುವುದು ಮೇಲಿನ ಛಾವಣಿ ಮತ್ತು ನಂಬರ್ ಪ್ಲೇಟ್ ಅಷ್ಟೇ.

ಅಗ್ಗ ಆಗುತ್ತದೆ ಅಂತ ಮಾತ್ರ ಈ ಕೆಲಸಕ್ಕೆ ಇಳಿಯಬೇಡಿ. ಬಿಡಿಬಿಡಿಯಾಗಿ ಕೊಂಡು ಕಟ್ಟಿದ ಕಾರು ಓಡುವ ಸ್ಥಿತಿಯ ಹಳೆಯ ಕಾರಿಗಿಂತ ದುಬಾರಿಯೇ ಆಗುತ್ತದೆ. ಬಜೆಟ್ ಬರೆದ ಮೇಲೆ ಅದಕ್ಕೆ ಮೂರನೇ ಒಂದು ಭಾಗ ಸೇರಿಸಿ. ನಾವು ಸೇರಿಸಿರಲಿಲ್ಲ.

ಮೊದಲು ಕಾಗದಪತ್ರ, ಆಮೇಲೆ ಪಾನಾ

ಹೊಸ ಶೆಲ್‌ಗೆ ವಿನ್ ನಂಬರ್, ಅಂದರೆ ಪ್ರತಿ ವಾಹನಕ್ಕೂ ಇರುವ ಗುರುತಿನ ಸಂಖ್ಯೆ, ಇರುವುದಿಲ್ಲ. ತಯಾರಕರು ಒಂದು ಸೀರಿಯಲ್ ನಂಬರ್ ಮತ್ತು ಮೂಲ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಇಟ್ಟುಕೊಂಡು ನಿಮ್ಮ ರಾಜ್ಯದ ಸಾರಿಗೆ ಇಲಾಖೆಗೆ ಹೋಗಬೇಕು. ಅವರು ಕಾರನ್ನು ನೋಡಿ, ಹೊಸ ನಂಬರ್ ಕೊಟ್ಟು ನೋಂದಾಯಿಸುತ್ತಾರೆ. ಕೆಲವು ರಾಜ್ಯಗಳಲ್ಲಿ ಇದನ್ನು 'ಜೋಡಿಸಿದ ವಾಹನ' ಅನ್ನುತ್ತಾರೆ, ಕೆಲವು ಕಡೆ 'ರೆಪ್ಲಿಕಾ', ಕ್ಯಾಲಿಫೋರ್ನಿಯಾದಲ್ಲಿ 'ವಿಶೇಷವಾಗಿ ನಿರ್ಮಿಸಿದ ವಾಹನ'. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಶೆಲ್ ಆರ್ಡರ್ ಮಾಡುವ ಮೊದಲೇ ಹೋಗಿ ಕೇಳಿ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಸಂಗತಿ ಇದೆ. ಅಲ್ಲಿ ಎಸ್‌ಬಿ 100 ಎಂಬ ಕಾನೂನಿನ ಪ್ರಕಾರ ಪ್ರತಿ ವರ್ಷ ಮೊದಲು ಅರ್ಜಿ ಹಾಕಿದ 500 ವಾಹನಗಳಿಗೆ ಮಾತ್ರ ಒಂದು ವಿನಾಯಿತಿ ಸಿಗುತ್ತದೆ. ಕಾರು ಅಥವಾ ಇಂಜಿನ್ ಯಾವ ವರ್ಷದ್ದನ್ನು ಹೋಲುತ್ತದೋ ಆ ವರ್ಷದ ಹೊಗೆ ನಿಯಮವೇ ಅದಕ್ಕೆ ಅನ್ವಯ. 1969ರ ಕಾರಿನ ಹಾಗೆ ಕಾಣುವುದಕ್ಕೆ ಇದರಿಂದ ಎಷ್ಟು ಅನುಕೂಲ ಅಂತ ಬಿಡಿಸಿ ಹೇಳಬೇಕಿಲ್ಲ.

ಎಲ್ಲ ರಸೀದಿ ಇಟ್ಟುಕೊಳ್ಳಿ. ಇಂಜಿನ್, ಗೇರ್ ಬಾಕ್ಸ್, ಶೆಲ್ ಈ ಮೂರರದ್ದಂತೂ ಬೇಕೇ ಬೇಕು. ಕದ್ದ ಮಾಲಲ್ಲ, ತೆರಿಗೆ ಕಟ್ಟಿದ್ದೇವೆ ಅಂತ ತೋರಿಸಲು ಅವೇ ಸಾಕ್ಷಿ.

ಇನ್ನು, ಗುಜರಿಗೆ ಹೋದ ಹಳೆಯ ಕಮಾರೊದ ವಿನ್ ಪ್ಲೇಟ್ ಕಿತ್ತು ಹೊಸ ಶೆಲ್‌ಗೆ ಹೊಡೆದರೆ ಆಯ್ತಲ್ಲ ಎಂದು ಸಲಹೆ ಕೊಡುವ ಜನ ಸಿಗುತ್ತಾರೆ. ಮಾಡಬೇಡಿ. ವಿನ್ ತೆಗೆಯುವುದು, ತಿದ್ದುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಮುಂದೆ ಮಾರುವಾಗ ಕೊಳ್ಳುವವನಿಗೂ ಮೋಸ. ಹೊಸ ಕಾರನ್ನು ಹೊಸ ಕಾರು ಅಂತಲೇ ಹೇಳಿ ಮಾರಿ. ಅದಕ್ಕೂ ಗಿರಾಕಿ ಇದ್ದಾರೆ.

ಇದನ್ನು ಕಟ್ಟಿ ಬೆಂಗಳೂರಿಗೆ ತರಬಹುದಾ ಎಂದು ಊರಿನಿಂದ ಫೋನ್ ಬಂದಾಗೆಲ್ಲ ಕೇಳುತ್ತಾರೆ. ಆಗುವುದಿಲ್ಲ. ಸ್ಟೀರಿಂಗ್ ಎಡಗಡೆ ಇದೆ. ಭಾರತದಲ್ಲಿ 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ ಶೆಲ್, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೋದ ವರ್ಷ ತೈವಾನ್‌ನಲ್ಲಿ ಒತ್ತಿದ ತಗಡು ನೋಡೋಕೆ ಎಷ್ಟೇ ಹಳೆಯದಾಗಿ ಕಂಡರೂ ವಿಂಟೇಜ್ ಅಲ್ಲ.

ಜಾಗ ಮತ್ತು ಸಲಕರಣೆ

ಈ ಕಾರು 186 ಇಂಚು ಉದ್ದ, 74 ಇಂಚು ಅಗಲ. ಬಾಗಿಲು, ಬಾನೆಟ್, ಫೆಂಡರ್, ಸೀಟು ಎಲ್ಲ ಬಿಚ್ಚಿಟ್ಟಾಗ ಇನ್ನೊಂದು ಕಾರಿನಷ್ಟು ಜಾಗ ಬೇಕು. ಹಾಗಾಗಿ ಎರಡು ಕಾರಿನ ಗ್ಯಾರೇಜ್ ಇಲ್ಲದಿದ್ದರೆ ಶುರು ಮಾಡಲೇಬೇಡಿ.

ಸಣ್ಣ ಇಂಜಿನ್ ಕ್ರೇನ್, ನಾಲ್ಕು ಗಟ್ಟಿ ಜ್ಯಾಕ್ ಸ್ಟ್ಯಾಂಡ್, ಒಳ್ಳೆಯ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ), ಡಯಲ್ ಗೇಜ್ (ಕೂದಲೆಳೆಯ ವಾರೆಯನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಬೇಕು. ಶೆಲ್ ಇಡಲು ಚಕ್ರದ ಟ್ರಾಲಿ ಬೇಕು. ದುಡ್ಡಿದ್ದರೆ ರೋಟಿಸರಿ ಬಾಡಿಗೆಗೆ ತನ್ನಿ. ಕೋಳಿ ಸುಡುವ ಕಂಬಿಯ ಹಾಗೆ ಇಡೀ ಶೆಲ್ಲನ್ನು ತಿರುಗಿಸುವ ಯಂತ್ರ ಅದು. ಕಾರಿನ ಅಡಿಗೆ ಬಣ್ಣ ಹೊಡೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು ಪಾನಾ ಹಿಡಿದು ಬೆಳೆದ ಕೈ ನಮ್ಮದು. ಈ ಕಾರಿನಲ್ಲಿ 7/16, 1/2, 9/16 ಇಂಚಿನ ಲೆಕ್ಕ. 13ರ ಪಾನಾ ಅರ್ಧ ಇಂಚಿನ ಬೋಲ್ಟ್‌ಗೆ ಹೆಚ್ಚುಕಡಿಮೆ ಕೂರುತ್ತದೆ. ಆ 'ಹೆಚ್ಚುಕಡಿಮೆ'ಯಲ್ಲೇ ಬೋಲ್ಟಿನ ತಲೆ ಸವೆಯುತ್ತದೆ.

ಪುಸ್ತಕ ಎರಡು ಬೇಕು. ಒಂದು, 1969ರ ಕಮಾರೊದ ಫ್ಯಾಕ್ಟರಿ ಅಸೆಂಬ್ಲಿ ಮ್ಯಾನುಯಲ್. ಇನ್ನೊಂದು, ಆ ವರ್ಷದ ಫಿಶರ್ ಬಾಡಿ (ಕಾರಿನ ಬಾಡಿ ತಯಾರಿಸುತ್ತಿದ್ದ ಜನರಲ್ ಮೋಟಾರ್ಸ್ ವಿಭಾಗ) ಸರ್ವಿಸ್ ಮ್ಯಾನುಯಲ್. ಎರಡರದ್ದೂ ಮರುಮುದ್ರಣ ಸಿಗುತ್ತದೆ. ಯಾವ ಬೋಲ್ಟ್ ಎಲ್ಲಿ, ಯಾವ ಶಿಮ್ (ಸಂದು ಹೊಂದಿಸಲು ನಡುವೆ ಇಡುವ ತೆಳು ತಗಡು) ಎಷ್ಟು ಅಂತ ಚಿತ್ರ ಸಮೇತ ಇರುತ್ತದೆ.

ಶೆಲ್ ಬಂದ ದಿನ

ಶೆಲ್ ಜೊತೆ ಸಾಮಾನ್ಯವಾಗಿ ಬಾಗಿಲು ಮತ್ತು ಡಿಕ್ಕಿ ಮುಚ್ಚಳ ಸೇರಿರುತ್ತದೆ. ಮುಂದಿನ ಫೆಂಡರ್, ಬಾನೆಟ್, ಗ್ರಿಲ್ ಸುತ್ತಲಿನ ತಗಡು ಬೇರೆ ಕೊಳ್ಳಬೇಕು. ಸಾಧ್ಯವಾದಷ್ಟೂ ತಗಡೆಲ್ಲ ಒಂದೇ ಕಂಪನಿಯದ್ದು ತಗೊಳ್ಳಿ. ನಾವು ಸ್ವಲ್ಪ ಉಳಿಸಲು ಹೋಗಿ ಫೆಂಡರ್ ಬೇರೆ ಕಡೆ ಕೊಂಡೆವು. ಅದರ ಕಥೆ ಮುಂದೆ.

ಲಾರಿಯವನು ಸಹಿ ಕೇಳುವ ಮೊದಲೇ ಶೆಲ್ ಸುತ್ತ ಒಂದು ಸುತ್ತು ಬನ್ನಿ. ಫೋಟೊ ತೆಗೆಯಿರಿ. ಆಮೇಲೆ ಟೇಪ್ ಹಿಡಿದು ಕರ್ಣ ಅಳೆಯಿರಿ: ಮುಂದಿನ ಎಡ ಮೂಲೆಯಿಂದ ಹಿಂದಿನ ಬಲ ಮೂಲೆಗೆ, ಅದೇ ರೀತಿ ಇನ್ನೊಂದು ಕಡೆಯಿಂದ. ವಿಂಡ್‌ಶೀಲ್ಡ್ ಕಿಂಡಿಯನ್ನೂ ಹಾಗೇ ಅಳೆಯಿರಿ. ಎರಡು ಅಳತೆ ಹೊಂದಬೇಕು.

ಶೆಲ್ ಮೇಲೆ ಕಪ್ಪು ಲೇಪ ಇರುತ್ತದೆ. ಅದು ವಿದ್ಯುತ್ ಹರಿಸಿ ಅದ್ದಿದ ಇಡಿಪಿ ಲೇಪವೋ, ಸಾಗಣೆಗೆ ಅಂತ ಹೊಡೆದ ಅಗ್ಗದ ಬಣ್ಣವೋ ನೋಡಬೇಕು. ಬಟ್ಟೆಗೆ ಲ್ಯಾಕರ್ ಥಿನ್ನರ್ ಹಾಕಿ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಉಜ್ಜಿ. ಬಟ್ಟೆಗೆ ಕಪ್ಪು ಇಳಿದರೆ ಅದನ್ನು ಪೂರ್ತಿ ತೆಗೆದು ಹೊಸ ಪ್ರೈಮರ್ ಹೊಡೆಯಬೇಕು. ಇಳಿಯದಿದ್ದರೆ ಸಮಾಧಾನ. ಒರಟು ಮಾಡಿ ಅದರ ಮೇಲೆಯೇ ಎಪಾಕ್ಸಿ ಪ್ರೈಮರ್ ಹೊಡೆಯಬಹುದು. ಫೆಂಡರ್, ಬಾನೆಟ್‌ಗೂ ಇದೇ ಪರೀಕ್ಷೆ ಬೇರೆಬೇರೆಯಾಗಿ ಮಾಡಿ.

ಮುಂದಿನ ಸಬ್‌ಫ್ರೇಮ್, ಹಿಂದಿನ ಆಕ್ಸಲ್

ಮೊದಲ ಪೀಳಿಗೆಯ ಕಮಾರೊದ ಕಟ್ಟಡ ಸ್ವಲ್ಪ ವಿಚಿತ್ರ. ಫೈರ್‌ವಾಲ್‌ನಿಂದ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಹಿಂದಕ್ಕೆ ಬಾಡಿಯೇ ಚಾಸಿಸ್. ಮುಂದೆ ಮಾತ್ರ ಬೇರೆ ಸಬ್‌ಫ್ರೇಮ್ ಅನ್ನುವ ಚೌಕಟ್ಟು, ಬುಶ್ (ನಡುವೆ ಇಡುವ ದಪ್ಪ ಬಿಲ್ಲೆ) ಮೇಲೆ ಕೂತು ಬಾಡಿಗೆ ಬೋಲ್ಟ್ ಆಗುತ್ತದೆ. ಇಂಜಿನ್, ಮುಂದಿನ ಸಸ್ಪೆನ್ಶನ್, ಸ್ಟೀರಿಂಗ್ ಎಲ್ಲ ಅದರ ಮೇಲೆ. ಹಾಗಾಗಿ ಸಬ್‌ಫ್ರೇಮ್ ಒಂದು ನೂಲು ಸೊಟ್ಟ ಕೂತರೂ ಕಾರು ಜೀವನಪೂರ್ತಿ ಒಂದು ಕಡೆ ಎಳೆಯುತ್ತದೆ.

ಹಳೆಯ ಮಾದರಿಯಲ್ಲೇ ತಯಾರಾದ ಹೊಸ ಸಬ್‌ಫ್ರೇಮ್ ಸಿಗುತ್ತದೆ. ರೇಸಿಂಗ್ ಕಂಪನಿಗಳ ಗಟ್ಟಿಯಾದ, ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಸುತ್ತ ಸ್ಪ್ರಿಂಗ್) ಇರುವ ಸಬ್‌ಫ್ರೇಮ್‌ಗಳೂ ಇವೆ. ಅವುಗಳಲ್ಲಿ ಕಾರು ಚೆನ್ನಾಗಿ ತಿರುಗುತ್ತದೆ. ಬೆಲೆ ಕೇಳಿದರೆ ನಮಗೇ ತಲೆ ತಿರುಗುತ್ತದೆ. ನಾವು ಹಳೆಯ ಮಾದರಿಯದ್ದನ್ನೇ ಹಾಕಿದೆವು.

ಬುಶ್ ಮೂರು ಬಗೆ: ರಬ್ಬರ್, ಪಾಲಿಯುರಿಥೇನ್, ಗಟ್ಟಿ ಅಲ್ಯೂಮಿನಿಯಂ. ಯಾವುದಾದರೂ ಸರಿ, ಎತ್ತರ ಮಾತ್ರ ಕೇಳಿ ತಗೊಳ್ಳಿ. ಕೆಲವು ಗಿಡ್ಡ ಇರುತ್ತವೆ. ಅದನ್ನು ಹಾಕಿದರೆ ಸಬ್‌ಫ್ರೇಮ್ ಮೇಲೆ ಹೋಗಿ ಮುಂದಿನ ತಗಡಿನ ಲೆಕ್ಕವೇ ಬದಲಾಗುತ್ತದೆ.

ಕೂರಿಸುವ ಕ್ರಮ ಹೀಗೆ. ಶೆಲ್ಲನ್ನು ಸ್ಟ್ಯಾಂಡ್ ಮೇಲೆ ಮಟ್ಟವಾಗಿಡಿ. ಸಬ್‌ಫ್ರೇಮನ್ನು ಜ್ಯಾಕ್‌ನಿಂದ ಎತ್ತಿ ಬೋಲ್ಟ್ ಸಡಿಲವಾಗಿ ಹಾಕಿ. ಬಾಡಿ ಮತ್ತು ಸಬ್‌ಫ್ರೇಮ್ ಎರಡರಲ್ಲೂ ಬೋಲ್ಟ್ ಪಕ್ಕದಲ್ಲಿ ಒಂದೊಂದು ಗೇಜ್ ತೂತು ಇದೆ. ಎರಡೂ ಕಡೆ 5/8 ಇಂಚಿನ ನೇರ ಸರಳು ತೂರಿಸಿ. ಸರಳು ಸಲೀಸಾಗಿ ಹೋದರೆ ಜಾಗ ಸರಿ. ಆದರೂ ಮತ್ತೆ ಕರ್ಣ ಅಳೆಯಿರಿ. ತೂತು ಕೊರೆದವನೂ ಮನುಷ್ಯನೇ. ಅಳತೆ ಸರಿಯಾದ ಮೇಲೆ ಬಿಗಿ ಮಾಡಿ.

ಹಿಂದೆ ಲೀಫ್ ಸ್ಪ್ರಿಂಗ್, ನಮ್ಮ ಅಂಬಾಸಡರ್‌ನ ಹಾಗೆ ಪಟ್ಟಿ ಕಟ್ಟು. ಆಕ್ಸಲ್‌ಗೆ ಹೊಸದಾಗಿ ತಯಾರಾದ 12 ಬೋಲ್ಟಿನ ಜಿಎಂ (ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್) ಮಾದರಿ ಸಿಗುತ್ತದೆ. ಫೋರ್ಡ್ 9 ಇಂಚಿನ ಆಕ್ಸಲ್ ಕೂಡ ಇದಕ್ಕೆ ನೇರವಾಗಿ ಕೂರುವಂತೆ ಮಾಡಿಕೊಡುತ್ತಾರೆ. ಗಟ್ಟಿತನ ಬೇಕಾದವರು ಅದನ್ನೇ ಹಾಕುತ್ತಾರೆ. ಶೆವರ್ಲೆಯಲ್ಲಿ ಫೋರ್ಡ್ ಆಕ್ಸಲ್ಲೇ ಎಂದು ಮೂಗು ಮುರಿಯುವವರೂ ಇದ್ದಾರೆ. ಕಾರಿನ ಅಡಿಗೆ ಬಗ್ಗಿ ನೋಡುವವರು ಎಷ್ಟು ಜನ?

ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಕಾರು ಗಾಳಿಯಲ್ಲಿ ತೂಗುತ್ತಿರುವಾಗಲೇ ಲೀಫ್ ಸ್ಪ್ರಿಂಗಿನ ಕಣ್ಣಿನ ಬೋಲ್ಟ್, ಕಂಟ್ರೋಲ್ ಆರ್ಮ್‌ನ ಬುಶ್ ಬೋಲ್ಟ್ ಪೂರ್ತಿ ಬಿಗಿಸುತ್ತಾರೆ. ಆಮೇಲೆ ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಳ್ಳುತ್ತದೆ, ಬೇಗ ಹರಿಯುತ್ತದೆ, ಕಾರಿನ ಎತ್ತರವೂ ತಪ್ಪುತ್ತದೆ. ಸದ್ಯಕ್ಕೆ ಕೈಬಿಗಿ ಸಾಕು. ಚಕ್ರದ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಕೊನೆಯ ಬಿಗಿತ.

ಕಚ್ಚಾ ಹೊಲಿಗೆ

ಒಳ್ಳೆಯ ಟೈಲರ್ ಮೊದಲು ಕಚ್ಚಾ ಹೊಲಿಗೆ ಹಾಕಿ ಮೈಮೇಲೆ ತೊಡಿಸಿ ನೋಡುತ್ತಾನೆ. ಕಾರಿಗೂ ಅದೇ. ಬಣ್ಣ ಹೊಡೆಯುವ ಮೊದಲು ಇಡೀ ಕಾರನ್ನು ಒಮ್ಮೆ ಜೋಡಿಸಬೇಕು. ಇಂಜಿನ್ ಕೂರಿಸಿ, ಗೇರ್ ಬಾಕ್ಸ್ ಹಾಕಿ, ಚಕ್ರ ಹಾಕಿ ಕೆಳಗಿಳಿಸಿ. ಬಂಪರ್, ಗ್ರಿಲ್, ಲೈಟು, ಬಾಗಿಲಿನ ಗಾಜು, ರಬ್ಬರ್ ಎಲ್ಲ ಹಾಕಿ ನೋಡಿ. ಆಮೇಲೆ ಮತ್ತೆ ಬಿಚ್ಚಿ. ಬೇಜಾರಿನ ಕೆಲಸ, ಒಪ್ಪುತ್ತೇನೆ. ನಮಗೆ ಐದು ತಿಂಗಳು ಹಿಡಿಯಿತು. ಇದನ್ನು ಬಿಟ್ಟವರು ಬಣ್ಣ ಹೊಡೆದ ಫೆಂಡರಿಗೆ ಫೈಲ್ ಹಿಡಿದು ಉಜ್ಜುತ್ತಾ ಕೂರುವುದನ್ನು ನೋಡಿದ್ದೇನೆ.

ತಗಡಿನ ಸಂದು ಹೊಂದಿಸುವಾಗ ಕಾರು ಚಕ್ರದ ಮೇಲೇ ನಿಂತಿರಬೇಕು, ಇಂಜಿನ್ ಒಳಗಿರಬೇಕು. ಸ್ಟ್ಯಾಂಡ್ ಮೇಲೆ ಸರಿ ಮಾಡಿದ ಸಂದು ನೆಲಕ್ಕಿಳಿಸಿದಾಗ ಬದಲಾಗುತ್ತದೆ, ಬಾಡಿ ಅಷ್ಟು ಬಾಗುತ್ತದೆ.

ಶುರು ಹಿಂದಿನಿಂದ. ಮೊದಲು ಬಾಗಿಲು. ಸ್ಟ್ರೈಕರ್ (ಬಾಗಿಲಿನ ಬೀಗ ಕಚ್ಚಿಕೊಳ್ಳುವ ಗೂಟ) ತೆಗೆದುಬಿಡಿ, ಇಲ್ಲದಿದ್ದರೆ ಅದೇ ಬಾಗಿಲನ್ನು ಎತ್ತಿ ಹಿಡಿದು ನಿಮಗೆ ಸುಳ್ಳು ಹೇಳುತ್ತದೆ. ಬಾಗಿಲಿನ ಹಿಂದಿನ ಅಂಚನ್ನು ಕ್ವಾರ್ಟರ್ ಪ್ಯಾನೆಲ್‌ಗೆ ಹೊಂದಿಸಿ. ಮೈಗೆರೆ ಒಂದೇ ನೇರಕ್ಕೆ ಬರಬೇಕು. ಆಮೇಲೆ ಫೆಂಡರನ್ನು ಬಾಗಿಲಿಗೆ ಹೊಂದಿಸಿ. ಆಮೇಲೆ ಬಾನೆಟ್ಟನ್ನು ಫೆಂಡರಿಗೆ. ಕೊನೆಗೆ ಮೂಗಿನ ತುದಿ. ಮುಂದಿನಿಂದ ಶುರು ಮಾಡಿದರೆ ಎಲ್ಲ ತಪ್ಪು ಬಾಗಿಲಿಗೆ ಬಂದು ಸೇರುತ್ತದೆ. ಕ್ವಾರ್ಟರ್ ಪ್ಯಾನೆಲ್ ಬೆಸೆದದ್ದು, ಅದು ಜರುಗುವುದಿಲ್ಲ.

ಸಂದು 3/16 ಇಂಚು, ಅಂದರೆ ಐದು ಮಿಲಿಮೀಟರಿಗೆ ಒಂದು ಚೂರು ಕಡಿಮೆ ಇದ್ದರೆ ಚೆಂದ. ಅಳೆಯಲು ಬಾತ್‌ರೂಮಿನ ಟೈಲ್ಸ್ ನಡುವೆ ಇಡುವ ಪ್ಲಾಸ್ಟಿಕ್ ತುಂಡು ತನ್ನಿ, ಅದೇ ಅಳತೆಯಲ್ಲಿ ಸಿಗುತ್ತದೆ. ಒಹಾಯೊದ ನಾರ್ವುಡ್ ಕಾರ್ಖಾನೆಯಿಂದ ಹೊರಬಂದ ಅಸಲಿ ಕಮಾರೊಗಳಲ್ಲೂ ಇಷ್ಟು ನೀಟಾದ ಸಂದು ಇರಲಿಲ್ಲ. ಆದರೂ ಇವತ್ತು ನೋಡುವವರ ಕಣ್ಣು ಬದಲಾಗಿದೆ.

ಈಗ ಆ ಫೆಂಡರ್ ಕಥೆ. ನಮ್ಮ ಎಡ ಫೆಂಡರ್ ಕೆಳಗೆ ಸರಿ ಇತ್ತು, ಮೇಲೆ ಬೆರಳು ತೂರುವಷ್ಟು ಸಂದು. ಶಿಮ್ ತೆಗೆದೆವು, ಹಾಕಿದೆವು. ತೂತನ್ನು ಉದ್ದ ಮಾಡಿದೆವು. ಮೂರು ವಾರ ಆಯಿತು. ಕೊನೆಗೆ ಗೊತ್ತಾಯಿತು, ಅಂಚಿನ ಮಡಿಕೆಯೇ ತಪ್ಪಾಗಿ ಒತ್ತಿದ್ದರು. ಅಂಥ ಕಡೆ ಅಂಚಿಗೆ ತೆಳು ಕಂಬಿ ಬೆಸೆದು ಅರೆದು ನೇರ ಮಾಡಬೇಕು. ಪುಟ್ಟಿ ಮೆತ್ತಿ ಅಂಚು ಬೆಳೆಸಬೇಡಿ, ಬಾಗಿಲು ನಾಲ್ಕು ಸಲ ಬಡಿದರೆ ಚಕ್ಕೆ ಏಳುತ್ತದೆ.

ಬಾನೆಟ್‌ನ ಹಿಂಜಿಗೆ ದಪ್ಪ ಸ್ಪ್ರಿಂಗ್ ಬರುತ್ತದೆ. ಸಂದು ಹೊಂದಿಸಿ ಮುಗಿಯುವವರೆಗೆ ಅದನ್ನು ಹಾಕಬೇಡಿ. ಹೊಸ ಹಿಂಜು ಬಿಗಿ, ಹೊಸ ಬಾನೆಟ್ ಮೆತ್ತಗೆ. ಜೋರಾಗಿ ಮುಚ್ಚಿದರೆ ಹಿಂಜಿನ ಹತ್ತಿರ ತಗಡು ಮಡಚಿಕೊಳ್ಳುತ್ತದೆ. ಹಿಂಜಿಗೆ ಎಣ್ಣೆ ಬಿಟ್ಟು, ಹತ್ತಿಪ್ಪತ್ತು ಸಲ ಕೈಯಲ್ಲಿ ಆಡಿಸಿ ಸಡಿಲ ಮಾಡಿ.

ರಬ್ಬರ್ ಹಾಕದೆ ಬಾಗಿಲ ಸಂದು ನೋಡಿದರೆ ಅರ್ಧ ಕೆಲಸ ಅಷ್ಟೇ. ಹೊಸ ರಬ್ಬರ್ ಗಟ್ಟಿ, ಬಾಗಿಲನ್ನು ಹೊರಗೆ ನೂಕುತ್ತದೆ. ಹಾಕಿದ ಮೇಲೆ ಬಾಗಿಲು ಮುಚ್ಚಿ ಎರಡು ವಾರ ಹಾಗೇ ಬಿಡಿ, ಸ್ವಲ್ಪ ಕೂರುತ್ತದೆ. ಗಾಜೂ ಇದೇ ಹಂತದಲ್ಲಿ. ಈ ಕೂಪೆಗೆ ಬಾಗಿಲ ಹಿಂದೆ ಕಂಬ ಇಲ್ಲ. ಬಾಗಿಲಿನ ಗಾಜು ನೇರ ಹಿಂದಿನ ಕ್ವಾರ್ಟರ್ ಗಾಜಿಗೆ ಮುಟ್ಟಬೇಕು, ಮೇಲೆ ಛಾವಣಿಯ ರಬ್ಬರಿಗೆ ಒತ್ತಬೇಕು. ಮೊದಲು ಬಾಗಿಲ ಗಾಜು ಸರಿ ಮಾಡಿ, ಆಮೇಲೆ ಕ್ವಾರ್ಟರ್ ಗಾಜನ್ನು ಅದಕ್ಕೆ ತನ್ನಿ. ಗಾಜು ಏರಿಸುವ ರೆಗ್ಯುಲೇಟರ್ ಕೊಳ್ಳುವಾಗ ಮಾತ್ರ ಅಗ್ಗದ್ದು ಬೇಡ. ನಾವು ಎರಡು ಸಲ ಬದಲಾಯಿಸಿದೆವು.

ಎಲ್ಲ ಸರಿಯಾದ ಮೇಲೆ, ಬಿಚ್ಚುವ ಮೊದಲು, ಹಿಂಜು ಮತ್ತು ಬಾಡಿ ಎರಡನ್ನೂ ಹಾದುಹೋಗುವಂತೆ 1/8 ಇಂಚಿನ ಸಣ್ಣ ತೂತು ಕೊರೆಯಿರಿ. ಬಣ್ಣ ಆದ ಮೇಲೆ ಆ ತೂತಿಗೆ ಡ್ರಿಲ್ ಬಿಟ್ ತೂರಿಸಿದರೆ ಬಾಗಿಲು ಮೊದಲಿದ್ದ ಜಾಗಕ್ಕೇ ಬಂದು ಕೂರುತ್ತದೆ. ಶಿಮ್‌ಗಳನ್ನು ಜಾಗದ ಹೆಸರು ಬರೆದ ಪೊಟ್ಟಣಗಳಲ್ಲಿ ಹಾಕಿಡಿ.

ಬಣ್ಣ

ಇದು ಬೇರೆಯವರಿಗೆ ಕೊಡುವ ಕೆಲಸ. ನಾವೂ ಕೊಟ್ಟೆವು. ಆದರೂ ನೀವು ನೋಡಿಕೊಳ್ಳಬೇಕಾದದ್ದು ಎರಡು: ಕೊಡುವ ಮುಂಚೆ ತಗಡಿನ ಜೋಡಣೆಗಳಿಗೆಲ್ಲ ಸೀಮ್ ಸೀಲರ್ ಹಾಕಿಸಿ. ಬಣ್ಣವಾದ ಮೇಲೆ ರಾಕರ್ ಪ್ಯಾನೆಲ್ (ಬಾಗಿಲಿನ ಕೆಳಗಿನ ತಗಡು), ಬಾಗಿಲು, ಕ್ವಾರ್ಟರ್ ಒಳಭಾಗಕ್ಕೆ ಮೇಣದ ಲೇಪ ಊದಿ. ಹೊಸ ತಗಡಿಗೂ ತುಕ್ಕು ಹಿಡಿಯುತ್ತದೆ.

ಇಂಜಿನ್

ಹೊಸ ಇಂಜಿನ್ ಪೆಟ್ಟಿಗೆಯಲ್ಲೇ ಬರುತ್ತದೆ. ಶೆವರ್ಲೆಯೇ ಮಾರುವ 350 ಘನ ಇಂಚಿನ ಸ್ಮಾಲ್ ಬ್ಲಾಕ್ ಇದೆ, ಸರಳವಾದದ್ದಕ್ಕೆ 290 ಅಶ್ವಶಕ್ತಿ. ಜಾಸ್ತಿ ಬೇಕಾದವರಿಗೆ ಅಲ್ಯೂಮಿನಿಯಂ ಹೆಡ್, ರೋಲರ್ ಕ್ಯಾಮ್ (ವಾಲ್ವ್ ತೆರೆಸುವ ದಂಡ, ಅದರ ಮೇಲೆ ಉರುಳೆ ಓಡುವಂಥದ್ದು) ಇರುವ ಝಡ್‌ಝಡ್6, 405 ಅಶ್ವಶಕ್ತಿ. 290ರದ್ದು ಅಗ್ಗ, ಊರು ಸುತ್ತಲು ಧಾರಾಳ ಸಾಕು.

ಫ್ಲೈವ್ಹೀಲ್ ಕೊಳ್ಳುವ ಮೊದಲು ಇಂಜಿನಿನ ರಿಯರ್ ಮೇನ್ ಸೀಲ್ (ಕ್ರ್ಯಾಂಕಿನ ಹಿಂದಿನ ತುದಿಯಲ್ಲಿ ಆಯಿಲ್ ಸೋರದಂತೆ ತಡೆಯುವ ಬಳೆ) ಒಂದು ತುಂಡಿನದ್ದೋ ಎರಡು ತುಂಡಿನದ್ದೋ ನೋಡಿ. 1986ರಿಂದ ಶೆವರ್ಲೆ ಒಂದೇ ತುಂಡಿಗೆ ಬದಲಾಯಿಸಿತು. ಎರಡಕ್ಕೂ ಬೋಲ್ಟ್ ವೃತ್ತ ಬೇರೆ, ಸಮತೋಲನವೂ ಬೇರೆ.

ಗೇರ್ ಬಾಕ್ಸ್‌ಗೆ ಟ್ರೆಮೆಕ್‌ನ ಐದು ಗೇರಿನ ಟಿಕೆಎಕ್ಸ್ ಚೆನ್ನ. ಹಳೆಯ ನಾಲ್ಕು ಗೇರಿನ ಮನ್ಸಿ ಮಾದರಿಯೂ ಹೊಸದಾಗಿ ಸಿಗುತ್ತದೆ, ಆದರೆ ಹೆದ್ದಾರಿಯಲ್ಲಿ ಇಂಜಿನ್ ಕೂಗುತ್ತಲೇ ಇರುತ್ತದೆ. ಬೆಲ್‌ಹೌಸಿಂಗ್ (ಇಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ, ಕ್ಲಚ್ ಮುಚ್ಚುವ ಕವಚ) ಹಾಕಿದ ಮೇಲೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ತಿರುಗಿಸಿ. ನಡುವಿನ ತೂತು 0.005 ಇಂಚಿಗಿಂತ ಜಾಸ್ತಿ ವಾರೆ ಇರಬಾರದು. ಇದ್ದರೆ ಆಫ್‌ಸೆಟ್ ಡೋವೆಲ್ ಪಿನ್ (ಕವಚದ ಜಾಗವನ್ನು ಚೂರು ಜರುಗಿಸುವ ಗೂಟ) ಹಾಕಿ ಸರಿಪಡಿಸಿ. ಇದನ್ನು ಬಿಟ್ಟರೆ ಗೇರು ಕಷ್ಟಪಟ್ಟು ಬೀಳುತ್ತದೆ, ನೀವು ಕ್ಲಚ್ಚನ್ನು ಬೈಯುತ್ತೀರಿ.

ಬ್ರೇಕ್ ಮತ್ತು ಇಂಧನ

ಬಗ್ಗಿಸಿ ಸಿದ್ಧ ಮಾಡಿದ ಪೈಪುಗಳು ಸೆಟ್ಟಾಗಿ ಬರುತ್ತವೆ. ಸ್ಟೇನ್‌ಲೆಸ್ ನೋಡೋಕೆ ಚೆಂದ, ಆದರೆ ಗಟ್ಟಿ, ತುದಿಯಲ್ಲಿ ಸುಲಭಕ್ಕೆ ಸೀಲ್ ಆಗುವುದಿಲ್ಲ. ಒಂದೆರಡು ಸಲ ಬಿಗಿಸಿ, ಸಡಿಲಿಸಿ, ಮತ್ತೆ ಬಿಗಿಸಬೇಕು. ಮಾಸ್ಟರ್ ಸಿಲಿಂಡರನ್ನು ಮೇಜಿನ ಮೇಲೇ ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ತೆಗೆದು, ಆಮೇಲೆ ಕಾರಿಗೆ ಹಾಕಿ. ಬಣ್ಣದ ಮೇಲೆ ಬ್ರೇಕ್ ಎಣ್ಣೆ ಬಿದ್ದರೆ ತಕ್ಷಣ ನೀರು ಸುರಿಯಿರಿ.

ವೈರಿಂಗ್: ಎಲ್ಲ ಲೇಪದ ಆಟ

ಹೊಸ ಹಾರ್ನೆಸ್ ಎರಡು ಬಗೆ. ಒಂದು ಕಾರ್ಖಾನೆಯ ಹಾಗೇ, ಬಣ್ಣ ಬಣ್ಣದ ವೈರ್ ಸಮೇತ. ಇನ್ನೊಂದು ಹೊಸ ಕಾಲದ ಫ್ಯೂಸ್ ಪೆಟ್ಟಿಗೆ, ಜಾಸ್ತಿ ಸರ್ಕ್ಯೂಟ್ ಇರುವುದು. ಎಸಿ, ಎಲೆಕ್ಟ್ರಿಕ್ ಫ್ಯಾನ್ ಹಾಕುವುದಾದರೆ ಎರಡನೆಯದೇ ಸರಿ.

ಹೊಸ ಶೆಲ್‌ಗೇ ಅಂತ ಇರುವ ರೋಗ ಒಂದಿದೆ: ಅರ್ತಿಂಗ್. ಹಳೆಯ ಕಾರಿನಲ್ಲಿ ಎಲ್ಲಾದರೂ ಬರೀ ಲೋಹ ಸಿಗುತ್ತದೆ. ಇದರಲ್ಲಿ ಪ್ರತಿ ಮೂಲೆಗೂ ಇಡಿಪಿ ಲೇಪ, ಅದರ ಮೇಲೆ ಎಪಾಕ್ಸಿ, ಅದರ ಮೇಲೆ ಬಣ್ಣ. ಬೋಲ್ಟ್ ಹಾಕಿದರೂ ಕರೆಂಟು ಹರಿಯುವುದಿಲ್ಲ. ನಮ್ಮ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಒಣಗಿ ನಿಂತಿದ್ದಾಗಲೂ ಗೇಜಿನ ಮುಳ್ಳು ಫುಲ್ ದಾಟಿ ನಿಂತಿತ್ತು. ಜಿಎಂ ಗೇಜಿನಲ್ಲಿ ಸರ್ಕ್ಯೂಟ್ ಕಡಿದಿದ್ದರೆ ಮುಳ್ಳು ಹಾಗೇ ಮೇಲಕ್ಕೆ ಹೋಗುತ್ತದೆ. ಟ್ಯಾಂಕಿನ ಸೆಂಡರ್‌ನ ಅರ್ತ್ ಸ್ಕ್ರೂ ಕೆಳಗೆ ಬಣ್ಣ ಕೆರೆದ ಮೇಲೆ ಸರಿಹೋಯಿತು. ಎಷ್ಟು ಅರ್ತ್ ಬಿಂದು ಇವೆಯೋ ಅಷ್ಟೂ ಕಡೆ ಲೇಪ ಕೆರೆಯಿರಿ, ಹಲ್ಲಿರುವ ವಾಷರ್ ಹಾಕಿ, ಮೇಲೆ ಗ್ರೀಸ್ ಸವರಿ. ಇಂಜಿನ್‌ನಿಂದ ಬಾಡಿಗೆ, ಇಂಜಿನ್‌ನಿಂದ ಸಬ್‌ಫ್ರೇಮ್‌ಗೆ ಬೇರೆಬೇರೆ ದಪ್ಪ ಪಟ್ಟಿ ಹಾಕಿ.

ಒಳಗಿನ ಅಲಂಕಾರ

ಛಾವಣಿಯ ಒಳಬಟ್ಟೆ ಮೊದಲು, ಮುಂದಿನ ಹಿಂದಿನ ಗಾಜು ಆಮೇಲೆ. ಬಟ್ಟೆಯ ಅಂಚನ್ನು ಗಾಜಿನ ಕಿಂಡಿಯಿಂದಲೇ ಎಳೆದು ಅಂಟಿಸಬೇಕು, ಹಾಗಾಗಿ ಈ ಕ್ರಮ ತಪ್ಪಿದರೆ ಗಾಜು ಮತ್ತೆ ತೆಗೆಯಬೇಕು. ಶಬ್ದ ತಡೆಯುವ ಹಾಳೆ, ಕಾರ್ಪೆಟ್, ಡ್ಯಾಶ್, ಸೀಟು ಹೀಗೆ ಮುಂದುವರಿಯಿರಿ. ಸೀಟಿನ ಚೌಕಟ್ಟೂ ಈಗ ಹೊಸದು ಸಿಗುತ್ತದೆ. ಕಪ್ಪು ಬಿಳಿ ಹೌಂಡ್ಸ್‌ಟೂತ್ (ಮುರಿದ ಚೌಕಳಿ ವಿನ್ಯಾಸದ) ಬಟ್ಟೆ ಹಾಕಿಸಿ. ಈ ಕಾರಿಗೆ ಬೇರೆ ಯಾವುದೂ ಅಷ್ಟು ಒಪ್ಪುವುದಿಲ್ಲ.

ಮೊದಲ ಸ್ಟಾರ್ಟ್

ಡಿಸ್ಟ್ರಿಬ್ಯೂಟರ್ ಹೊರತೆಗೆದು, ಪ್ರೈಮಿಂಗ್ ಸರಳನ್ನು ಡ್ರಿಲ್‌ಗೆ ಸಿಕ್ಕಿಸಿ ಆಯಿಲ್ ಪಂಪ್ ತಿರುಗಿಸಿ. ಜೊತೆಗಾರ ಕ್ರ್ಯಾಂಕನ್ನು ನಿಧಾನ ಕೈಯಲ್ಲಿ ತಿರುಗಿಸಲಿ. ಎಲ್ಲ ರಾಕರ್ ಆರ್ಮ್‌ಗೂ ಆಯಿಲ್ ಏರುವವರೆಗೆ ಬಿಡಬೇಡಿ. ಡಿಸ್ಟ್ರಿಬ್ಯೂಟರ್ ವಾಪಸ್ ಹಾಕಿ. ಸ್ಮಾಲ್ ಬ್ಲಾಕಿನ ಫೈರಿಂಗ್ ಆರ್ಡರ್ 1-8-4-3-6-5-7-2. ಅಡ್ಡ ಹಾಕಿದರೆ ಕಾರ್ಬುರೇಟರ್‌ನಿಂದ ಬೆಂಕಿ ಬರುತ್ತದೆ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

290 ಅಶ್ವಶಕ್ತಿಯ ಇಂಜಿನಿನಲ್ಲಿ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಇದೆ, ಅಂದರೆ ಉರುಳೆ ಇಲ್ಲದ ಟ್ಯಾಪೆಟ್ ಅದರ ಮೇಲೆ ಉಜ್ಜುತ್ತಾ ಓಡುತ್ತದೆ. ಮೊದಲ ಇಪ್ಪತ್ತು ಮೂವತ್ತು ನಿಮಿಷವೇ ಅದರ ಹಣೆಬರಹ. ಸತು ಜಾಸ್ತಿ ಇರುವ ಬ್ರೇಕ್-ಇನ್ ಆಯಿಲ್ ಹಾಕಿ. ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2,000ರಿಂದ 2,500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಹೆಚ್ಚುಕಡಿಮೆ ಮಾಡುತ್ತಾ ಅಲ್ಲೇ ಹಿಡಿದಿಡಿ. ನಿಧಾನ ಓಡಿದರೆ ಕ್ಯಾಮ್‌ಗೆ ಆಯಿಲ್ ಸಾಲದೆ ಸವೆಯುತ್ತದೆ. ಹಾಗಾಗಿ ಕೀಲಿ ತಿರುಗಿಸುವ ಮೊದಲೇ ಕಾರ್ಬುರೇಟರಿಗೆ ಪೆಟ್ರೋಲ್, ರೇಡಿಯೇಟರಿಗೆ ನೀರು, ಟೈಮಿಂಗ್ ಎಲ್ಲ ಸರಿ ಇರಬೇಕು. ರೋಲರ್ ಕ್ಯಾಮ್ ಆರಿಸಿದವರಿಗೆ ಈ ತಲೆನೋವಿಲ್ಲ. ಮುಗಿದ ಮೇಲೆ ಬಿಸಿ ಇರುವಾಗಲೇ ಆಯಿಲ್, ಫಿಲ್ಟರ್ ಬದಲಾಯಿಸಿ.

ರಸ್ತೆಗೆ

ಈಗ ಸಸ್ಪೆನ್ಶನ್ ಬುಶ್ ಬೋಲ್ಟ್‌ಗಳ ಕೊನೆಯ ಬಿಗಿತ. ಕಾರನ್ನು ಚಕ್ರದ ಮೇಲೇ ನಿಲ್ಲಿಸಿ, ನಾಲ್ಕು ಸಲ ಮೇಲೆ ಕೆಳಗೆ ಒತ್ತಿ, ಆಮೇಲೆ ಟಾರ್ಕ್ ರೆಂಚ್ ಹಿಡಿಯಿರಿ. ಅಲೈನ್‌ಮೆಂಟ್‌ಗೆ ಕೊಡುವಾಗ ರೇಡಿಯಲ್ ಟೈರಿಗೆ ಸರಿಹೊಂದುವ ಅಳತೆ ಕೇಳಿ. 1969ರ ಪುಸ್ತಕದ ಅಳತೆ ಅಂದಿನ ಬಯಾಸ್ ಪ್ಲೈ ಟೈರಿನದು.

ಮೊದಲ ದಿನ ಮನೆಯ ಸುತ್ತ ಒಂದು ಮೈಲಿ, ಅಷ್ಟೇ. ವಾಪಸ್ ಬಂದು ಕೆಳಗೆ ಬಗ್ಗಿ ಸೋರಿಕೆ ನೋಡಿ. ಮರುದಿನ ಹತ್ತು ಮೈಲಿ. ಚಕ್ರದ ನಟ್, ಹಿಂದಿನ ಯು ಬೋಲ್ಟ್, ಎಕ್ಸಾಸ್ಟ್ ಬೋಲ್ಟ್, ಸ್ಟೀರಿಂಗ್ ಬಾಕ್ಸಿನ ಬೋಲ್ಟ್ ಮತ್ತೆ ಬಿಗಿಸಿ. ಇಲಾಖೆಯ ತಪಾಸಣೆಗೆ ಹೋಗುವಾಗ ರಸೀದಿಗಳ ಕಡತ, ಶೆಲ್‌ನ ಪ್ರಮಾಣಪತ್ರ, ಕಟ್ಟುವಾಗ ತೆಗೆದ ಫೋಟೊಗಳು ಜೊತೆಗಿರಲಿ. ನಮ್ಮದನ್ನು ನೋಡಿದ ಅಧಿಕಾರಿ ಮೊದಲು ಕೇಳಿದ್ದು, ಇದು ಯಾವ ವರ್ಷದ್ದು ಅಂತ. ಗೆಳೆಯ ನನ್ನ ಮುಖ ನೋಡಿದ. ನಾನು ರಸೀದಿಯ ಕಡತ ಮುಂದಿಟ್ಟೆ.